ಬುಲೆಟ್‌ಪ್ರೂಫ್ ಜಾಕೆಟ್ ಕೊಳ್ಳುವ ಮುನ್ನ



ಕಳೆದ ಗಣೇಶನ ಹಬ್ಬದ ಊಟದ ಸಾಲಿನಲ್ಲಿ ನಿಂತಿದ್ದಾಗ ಗೆಳೆಯರೊಬ್ಬರ ಹತ್ತಿರ "ನಾನೊಂದು ಬುಲೆಟ್‌ಪ್ರೂಫ್ ಜಾಕೆಟ್ ತಗೊಂಡೆ" ಅಂತ ಬಾಯಿತಪ್ಪಿ ಹೇಳಿಬಿಟ್ಟೆ. ನನ್ನ ತಟ್ಟೆಗೆ ಕೋಸಂಬರಿ ಬೀಳುವಷ್ಟರಲ್ಲಿ ಸುದ್ದಿ ಹಾಲ್ ತುಂಬಾ ಹಬ್ಬಿತ್ತು. "ಏನ್ರೀ, ಮಿಲಿಟರಿ ಸೇರ್ತೀರಾ?" ಅಂದವರೇ ಹೆಚ್ಚು. ಆದರೆ ಊಟ ಮುಗಿದ ಮೇಲೆ ಒಬ್ಬೊಬ್ಬರಾಗಿ ಪಾರ್ಕಿಂಗ್ ಲಾಟಿನ ಮೂಲೆಗೆ ಕರೆದು "ಯಾವುದು ತಗೊಂಡ್ರಿ? ಎಷ್ಟಾಯ್ತು?" ಎಂದು ಮೆಲ್ಲಗೆ ಕೇಳಿದವರು ಆರೇಳು ಮಂದಿ! ಅವರಿಗೆಲ್ಲ ಒಟ್ಟಾಗಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನಾನು ಪೋಲೀಸನೂ ಅಲ್ಲ, ಸೈನಿಕನೂ ಅಲ್ಲ. ಕೋಡ್ ಬರೆದು ಹೊಟ್ಟೆ ಹೊರೆಯುವವನು. ಯಾವ ವಸ್ತು ಕೊಳ್ಳುವ ಮುಂಚೆಯೂ ಅದರ ಸ್ಪೆಸಿಫಿಕೇಶನ್ ಪೂರ್ತಿ ಓದುವ ಕೆಟ್ಟ ಚಟ ಉಂಟು, ಅಷ್ಟೆ.

ನಮ್ಮ ಮನೆ ಡಲ್ಲಾಸಿನ ಉತ್ತರಕ್ಕಿರುವ ಉಪನಗರಗಳಲ್ಲೊಂದರಲ್ಲಿದೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಾಸಿನಲ್ಲಿ ಲಕ್ಷಾಂತರ ಮನೆಗಳ ಕರೆಂಟು ಹೋಯಿತಲ್ಲ, ಆಗ ನಾವೂ ಕಂಬಳಿ ಹೊದ್ದು ಕುಳಿತಿದ್ದೆವು. ಆಮೇಲೆ ನೀರಿನ ಕ್ಯಾನು, ಟಾರ್ಚು, ಕ್ಯಾಂಪಿಂಗ್ ಸ್ಟೋವು, ಔಷಧಿ ಅಂತ ಒಂದು ಡಬ್ಬ ಕಟ್ಟಿಟ್ಟೆ. 2023ರ ಮೇ 6ರಂದು ಪಕ್ಕದ ಆಲೆನ್ ಊರಿನ ಔಟ್‌ಲೆಟ್ ಮಾಲ್‌ನಲ್ಲಿ ಒಬ್ಬ ಗುಂಡು ಹಾರಿಸಿ ಎಂಟು ಜನರನ್ನು ಕೊಂದ. ಸತ್ತವರಲ್ಲಿ ಭಾರತದಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರಿದ್ದರು. ನಾವು ಮಗಳಿಗೆ ಶೂ ಕೊಳ್ಳುವುದು ಅಲ್ಲೇ. ಕಳೆದ ದೀಪಾವಳಿಯ ವಾರ ನಮ್ಮ ಹಿಂದಿನ ಬೀದಿಯ ಭಾರತೀಯರ ಮನೆಯ ಬಾಗಿಲು ಒದ್ದು ಚಿನ್ನ ಒಯ್ದರು. ಪುಣ್ಯಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ನಮ್ಮವರ ಮನೆಗಳನ್ನೇ ಗುರಿ ಮಾಡುವುದು ಹೊಸದೇನಲ್ಲ. 2011ರಿಂದ 2014ರವರೆಗೆ ಜಾರ್ಜಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಮಿಷಿಗನ್, ಟೆಕ್ಸಾಸ್‌ಗಳಲ್ಲಿ ಹೀಗೆ ಮನೆಗಳಿಗೆ ನುಗ್ಗಿದ ತಂಡವೊಂದು ಸಿಕ್ಕಿಬಿದ್ದು, ಅದರ ನಾಯಕಿಗೆ ದೀರ್ಘ ಸೆರೆವಾಸವೂ ಆಯಿತು.

"ಹಾಗಾದ್ರೆ ಗನ್ ತಗೋಬೇಕಿತ್ತು" ಅಂದರು ಒಬ್ಬರು. ನನ್ನಂತೆ ಎಚ್-1ಬಿಯಲ್ಲಿರುವವರು ಇದನ್ನು ಗಮನಿಸಿ: ನಾನ್-ಇಮಿಗ್ರಂಟ್ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಜಾಕೆಟ್ಟಿಗೆ ಆ ತೊಡಕಿಲ್ಲ. ಹಿಂಸಾಪರಾಧದಲ್ಲಿ ಶಿಕ್ಷೆಯಾದವರು ಅದನ್ನು ಹೊಂದುವಂತಿಲ್ಲ ಎಂಬುದು ಫೆಡರಲ್ ನಿಯಮ. ರಾಜ್ಯಗಳದ್ದು ಬೇರೆ ಬೇರೆ. 2022ರ ಮೇ 14ರಂದು ಬಫಲೋ ನಗರದ ಸೂಪರ್‌ಮಾರ್ಕೆಟ್‌ನಲ್ಲಿ ಹತ್ತು ಜನರನ್ನು ಕೊಂದವನು ಕವಚ ತೊಟ್ಟಿದ್ದ. ಅಲ್ಲಿನ ಕಾವಲುಗಾರ, ನಿವೃತ್ತ ಪೋಲೀಸ್ ಅಧಿಕಾರಿ, ಅವನಿಗೆ ಗುಂಡು ಹೊಡೆದರೂ ನಾಟಲಿಲ್ಲ. ಕಾವಲುಗಾರ ಸತ್ತ. ಅದೇ ವರ್ಷ ನ್ಯೂಯಾರ್ಕ್ ರಾಜ್ಯ, ಕೆಲವು ವೃತ್ತಿಯವರನ್ನು ಬಿಟ್ಟು ಉಳಿದವರಿಗೆ ಕವಚದ ಮಾರಾಟವನ್ನು ನಿಷೇಧಿಸಿತು. ಕನೆಕ್ಟಿಕಟ್‌ನಲ್ಲೂ ನಿರ್ಬಂಧಗಳಿವೆ. ನಿಮ್ಮ ರಾಜ್ಯದ ನಿಯಮ ನೋಡಿಕೊಂಡೇ ಮುಂದುವರಿಯಿರಿ. ಇನ್ನೊಂದು, ಇದನ್ನು ಊರಿಗೆ ಹೋಗುವಾಗ ಸೂಟ್‌ಕೇಸಿಗೆ ತುರುಕಬೇಡಿ. ಅಮೆರಿಕದ ರಫ್ತು ನಿಯಮಗಳು ಇದಕ್ಕೂ ಅನ್ವಯಿಸುತ್ತವೆ.

ಈಗ ಸರಕಿನ ವಿಷಯ. ಜಗತ್ತಿನಲ್ಲಿ "ಬುಲೆಟ್‌ಪ್ರೂಫ್" ಎನ್ನುವ ವಸ್ತುವೇ ಇಲ್ಲ. ಯಾವ ಗುಂಡು, ಎಷ್ಟು ವೇಗ ಎಂದು ಹೇಳದ ಕವಚಕ್ಕೆ ಅರ್ಥವಿಲ್ಲ. ಮೆತ್ತನೆಯ ಜಾಕೆಟ್ಟಿನ ಕಥೆ ಶುರುವಾಗುವುದು 1965ರಲ್ಲಿ, ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೋಲೆಕ್ ಅವರು ಕೆವ್ಲಾರ್ ಎಳೆಗೆ ದಾರಿಮಾಡಿದ ಪಾಲಿಮರ್ ಕಂಡುಹಿಡಿದಾಗ. ಈ ಎಳೆಯಲ್ಲಿ ನೇಯ್ದ ಬಟ್ಟೆಯನ್ನು ಹತ್ತಾರು ಪದರ ಒಟ್ಟಿದರೆ ಒಂದು ಫಲಕ. ಕ್ರಿಕೆಟ್ ಪ್ರಾಕ್ಟೀಸ್ ನೆಟ್ಟಿಗೆ ಬಡಿದ ಚೆಂಡನ್ನು ನೆನೆಸಿಕೊಳ್ಳಿ. ಬಲೆ ಹಿಂದಕ್ಕೆ ಜಗ್ಗಿ, ಚೆಂಡಿನ ಶಕ್ತಿಯನ್ನು ಸುತ್ತಲ ಹಗ್ಗಗಳಿಗೆಲ್ಲ ಹಂಚಿಬಿಡುತ್ತದೆ. ಇಲ್ಲೂ ಹಾಗೆಯೇ. ಪಿಸ್ತೂಲಿನ ಸೀಸದ ಗುಂಡು ಮೊದಲ ಪದರಗಳಲ್ಲೇ ಚಪ್ಪಟೆಯಾಗಿ ಅಣಬೆಯ ಆಕಾರಕ್ಕೆ ಬರುತ್ತದೆ, ಉಳಿದ ಪದರಗಳು ಅದನ್ನು ಹಿಡಿಯುತ್ತವೆ.

ಆದರೆ ರೈಫಲ್ ಬೇರೆಯೇ ಪ್ರಾಣಿ. ಸಾಮಾನ್ಯ 9 ಎಂ.ಎಂ. ಪಿಸ್ತೂಲಿನ ಗುಂಡು ಸೆಕೆಂಡಿಗೆ 350ರಿಂದ 400 ಮೀಟರ್ ಓಡಿದರೆ, ಎಆರ್-15 ತರಹದ ರೈಫಲ್ಲಿನದು 900 ಮೀಟರ್ ದಾಟುತ್ತದೆ. ಗುಂಡಿನ ತೂಕ ಅರ್ಧದಷ್ಟು, ಶಕ್ತಿ ಸುಮಾರು ಮೂರು ಪಟ್ಟು. ಮೊನೆಯೂ ಚೂಪು. ಎಷ್ಟೇ ದುಬಾರಿಯ ಮೆತ್ತನೆ ಜಾಕೆಟ್ಟಾದರೂ ಇದರ ಮುಂದೆ ಪಂಚೆ ಇದ್ದ ಹಾಗೆ. ಆಲೆನ್‌ನಲ್ಲಿ ಬಳಕೆಯಾದದ್ದು ಇಂಥ ರೈಫಲ್. ನಾನು ಜಾಕೆಟ್ಟಿನ ಯೋಚನೆ ಶುರುಮಾಡಿದ್ದೇ ಆಲೆನ್ ಆದ ಮೇಲೆ, ಕಣ್ಣಿಟ್ಟಿದ್ದು ಮಾತ್ರ ಅದನ್ನು ತಡೆಯಲಾಗದ ಜಾಕೆಟ್ಟಿನ ಮೇಲೆ. ಸ್ಪೆಸಿಫಿಕೇಶನ್ ಓದದೆ ಹೋಗಿದ್ದರೆ ಇದು ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಈ ಸ್ಪೆಸಿಫಿಕೇಶನ್ ಬರೆಯುವುದು ಅಮೆರಿಕದ ನ್ಯಾಯ ಇಲಾಖೆಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್, ಚಿಕ್ಕದಾಗಿ ಎನ್‌ಐಜೆ. ಅಂಗಡಿಗಳಲ್ಲಿ ಇನ್ನೂ ಕಾಣುವ ಹಳೆಯ ಹೆಸರುಗಳು 2008ರ ಆವೃತ್ತಿಯವು: ಪಿಸ್ತೂಲಿಗೆ 2ಎ, 2, 3ಎ; ರೈಫಲ್ಲಿಗೆ 3 ಮತ್ತು 4. (ಅಲ್ಲಿ ರೋಮನ್ ಅಂಕಿಯಲ್ಲಿರುತ್ತದೆ.) 3ಎ ಎಂದರೆ .44 ಮ್ಯಾಗ್ನಂ ಗುಂಡನ್ನು ಸೆಕೆಂಡಿಗೆ 436 ಮೀಟರ್ ವೇಗದಲ್ಲಿ ತಡೆದದ್ದು. 3 ಎಂದರೆ 7.62 ಎಂ.ಎಂ. ರೈಫಲ್ ಗುಂಡನ್ನು 847 ಮೀಟರ್ ವೇಗದಲ್ಲಿ. 4 ಎಂದರೆ ಉಕ್ಕಿನ ತಿರುಳಿರುವ, ಕವಚ ಭೇದಿಸಲೆಂದೇ ಮಾಡಿದ ಗುಂಡನ್ನು. "3ಎ" ಮತ್ತು "3" ನಡುವೆ ಒಂದಕ್ಷರದ ವ್ಯತ್ಯಾಸ, ಜೀವ ಉಳಿಯುವ ಮಾತಿನಲ್ಲಿ ಆಕಾಶ-ಭೂಮಿ. ಈ ಗೊಂದಲ ತಪ್ಪಲೆಂದೋ ಏನೋ, 2023ರ ನವೆಂಬರಿನ ಹೊಸ ಆವೃತ್ತಿಯಲ್ಲಿ ಪಿಸ್ತೂಲಿಗೆ ಎಚ್‌ಜಿ1, ಎಚ್‌ಜಿ2 ಎಂದೂ ರೈಫಲ್ಲಿಗೆ ಆರ್‌ಎಫ್1, 2, 3 ಎಂದೂ ಹೆಸರಿಟ್ಟಿದ್ದಾರೆ. ಹಳೆಯ 3ಎ ಸುಮಾರಾಗಿ ಈಗಿನ ಎಚ್‌ಜಿ2. "3 ಪ್ಲಸ್" ಎಂದು ಜಾಹೀರಾತಿನಲ್ಲಿ ಕಂಡರೆ ಅದು ಮಾರುವವನು ಇಟ್ಟ ಹೆಸರು. ಎನ್‌ಐಜೆ ಅಂಥ ದರ್ಜೆಯನ್ನೇ ಮಾಡಿಲ್ಲ.

ರೈಫಲ್ ತಡೆಯಬೇಕಾದರೆ ಗಟ್ಟಿ ಫಲಕ ಬೇಕು. ಉಕ್ಕಿನದು ಅಗ್ಗ. ಆದರೆ ಗುಂಡು ಅದಕ್ಕೆ ಬಡಿದು ಚೂರಾಗಿ, ಚೂರುಗಳು ಗದ್ದಕ್ಕೂ ಕುತ್ತಿಗೆಗೂ ತೋಳಿಗೂ ಸಿಡಿಯುತ್ತವೆ. ನಾನಂತೂ ಬೇಡ ಎನ್ನುತ್ತೇನೆ. ಪಾಲಿಎಥಿಲೀನ್‌ನದು ಹಗುರ, ಆದರೆ ಉಕ್ಕಿನ ಮೊನೆಯ ಕೆಲವು 5.56 ಗುಂಡುಗಳು ಅದರಲ್ಲಿ ತೂರಿಹೋಗುತ್ತವೆ. ಸೆರಾಮಿಕ್ ಒಳ್ಳೆಯದು, ಭಾರವೂ ಹೌದು: ಒಂದೊಂದು ಫಲಕ ಮೂರು ಕಿಲೋದ ಆಸುಪಾಸು, ಎದೆಗೊಂದು ಬೆನ್ನಿಗೊಂದು. ಕೈತಪ್ಪಿ ಸಿಮೆಂಟಿನ ಮೇಲೆ ಬಿದ್ದರೆ ಒಳಗೆ ಬಿರುಕು ಬಿಟ್ಟಿರಬಹುದು. ಸಾಮಾನ್ಯ ಅಳತೆ 10 ಇಂಚು ಅಗಲ, 12 ಇಂಚು ಎತ್ತರ. ಅಂದರೆ ಹೃದಯ, ಶ್ವಾಸಕೋಶದ ಮುಖ್ಯ ಭಾಗ, ಅಷ್ಟೆ.

ಗುಂಡು ನಿಂತ ಮಾತ್ರಕ್ಕೆ ಪೆಟ್ಟು ಬೀಳುವುದಿಲ್ಲ ಅಂತಲ್ಲ. ಪರೀಕ್ಷೆಯಲ್ಲಿ ಜಾಕೆಟ್ಟಿನ ಹಿಂದೆ ಜೇಡಿಯಂಥ ಮಣ್ಣಿಟ್ಟು ಹೊಡೆದು, ಅದರಲ್ಲಾದ ಗುಳಿಯನ್ನು ಅಳೆಯುತ್ತಾರೆ. 44 ಮಿಲಿಮೀಟರ್ ಮಿತಿ. ನಿಮ್ಮ ಕಿರುಬೆರಳನ್ನು ಒಮ್ಮೆ ನೋಡಿಕೊಳ್ಳಿ, ಹೆಚ್ಚುಕಮ್ಮಿ ಅಷ್ಟು ಆಳ! ಜೀವ ಉಳಿಯಬಹುದು, ಪಕ್ಕೆಲುಬು ಮುರಿಯಬಹುದು. ಇನ್ನು ಚಾಕುವಿಗೆ ಬೇರೆಯೇ ಮಾನದಂಡವಿದೆ. ಸೂಜಿ ಎಳೆಗಳ ನಡುವೆ ನುಸುಳುವ ಹಾಗೆ ಚೂಪು ಮೊನೆಯೂ ನುಸುಳಬಲ್ಲದು. ಆದ್ದರಿಂದ ಗುಂಡು ತಡೆಯುವುದು ಚಾಕುವನ್ನೂ ತಡೆಯುತ್ತದೆ ಎಂದುಕೊಳ್ಳಬೇಡಿ.

ಎಲ್ಲ ಓದಿ ಮುಗಿಸಿ ನಾನು ಆರಿಸಿದ್ದು 3ಎ ದರ್ಜೆಯ ಮೆತ್ತನೆ ಜಾಕೆಟ್ಟು. ಮನೆಗೆ ನುಗ್ಗುವ ಕಳ್ಳನ ಕೈಯಲ್ಲಿ ಇರುವುದಾದರೆ ಪಿಸ್ತೂಲು ಇದ್ದೀತು ಎಂಬ ಲೆಕ್ಕ. ಕೊಳ್ಳುವಾಗ ನೋಡಿದ್ದು ಮೂರು ಸಂಗತಿ. ಆ ಮಾಡೆಲ್ ನಂಬರು ಎನ್‌ಐಜೆ ಪ್ರಕಟಿಸುವ ಪಟ್ಟಿಯಲ್ಲಿ ಇದೆಯೇ? "ಎನ್‌ಐಜೆ ಪ್ರಕಾರ ಪರೀಕ್ಷಿಸಿದ್ದು" ಎಂಬ ಮಾತು ಬೇರೆ, ಪಟ್ಟಿಯಲ್ಲಿರುವುದು ಬೇರೆ. ಒಳಗಿನ ಫಲಕದ ಮೇಲೆ ದರ್ಜೆ, ತಯಾರಾದ ದಿನಾಂಕ, ಮೈಗೆ ತಾಗುವ ಬದಿ ಯಾವುದೆಂದು ಅಚ್ಚಾಗಿದೆಯೇ? ಅಳತೆ ಸರಿಯೇ? ಕುಳಿತಾಗ ಬೆಲ್ಟಿಗೆ ತಾಗಿ ಗಂಟಲಿಗೆ ಏರಬಾರದು, ಸೊಂಟದಿಂದ ಎರಡು-ಮೂರು ಇಂಚು ಮೇಲೆ ನಿಲ್ಲಬೇಕು. ನನಗೆ 420 ಡಾಲರ್ ಆಯಿತು. ಸೆಕೆಂಡ್ ಹ್ಯಾಂಡ್ ಅರ್ಧ ಬೆಲೆಗೆ ಸಿಗುತ್ತದೆ, ತೆಗೆದುಕೊಳ್ಳಬೇಡಿ. ಕರ್ಣನ ಕವಚಕ್ಕೆ ಎಕ್ಸ್‌ಪೈರಿ ಡೇಟ್ ಇರಲಿಲ್ಲ. ನಮ್ಮದಕ್ಕೆ ಸಾಮಾನ್ಯವಾಗಿ ಐದು ವರ್ಷದ ವಾರಂಟಿ. ಜೈಲಾನ್ ಎಂಬ ಎಳೆಯ ಜಾಕೆಟ್ಟುಗಳು ಬಹಳ ಹೊಗಳಿಕೆ ಪಡೆದಿದ್ದವು. 2003ರಲ್ಲಿ ಪೆನ್ಸಿಲ್ವೇನಿಯಾದ ಪೋಲೀಸರೊಬ್ಬರು ತೊಟ್ಟಿದ್ದ ಅಂಥ ಜಾಕೆಟ್ಟನ್ನು, ಅದು ತಡೆಯಬೇಕಿದ್ದ ಗುಂಡೇ ತೂರಿಹೋಯಿತು. ತೇವ, ಶಾಖಕ್ಕೆ ಎಳೆ ಸೊರಗುತ್ತದೆ ಎಂದು ತಿಳಿದು 2005ರಲ್ಲಿ ಮಾನ್ಯತೆ ಕಿತ್ತುಕೊಂಡರು. ಕೆವ್ಲಾರಿಗೂ ಬಿಸಿಲು ಆಗದು. ಟೆಕ್ಸಾಸಿನ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಂತೂ ಇಡಲೇಬೇಡಿ. ಫಲಕವನ್ನು ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ (ನಮ್ಮಮ್ಮ ಹಾಕುವುದರಲ್ಲಿದ್ದರು).

ಅಮ್ಮ ದಾವಣಗೆರೆಯಿಂದ ಬಂದು ಆರು ತಿಂಗಳು ನಮ್ಮ ಜೊತೆಗಿದ್ದರು. ಜಾಕೆಟ್ಟು ಬಂದ ದಿನ ರಾತ್ರಿ ಒಂದು ಪರೀಕ್ಷೆ ಮಾಡೋಣ ಅಂತ ಎಲ್ಲ ದೀಪ ಆರಿಸಿ, ಮಲಗಿದಲ್ಲಿಂದ ಎದ್ದು ಜಾಕೆಟ್ಟು ತೊಟ್ಟೆ. ಹೆಂಡತಿ ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದಿದ್ದಳು. ಕ್ಲಾಸೆಟ್ ತಡಕಾಡಿ, ಪಟ್ಟಿಗಳನ್ನು ತಿರುವುಮುರುವು ಅಂಟಿಸಿ, ಮತ್ತೆ ಬಿಚ್ಚಿ ಅಂಟಿಸಿ ಮುಗಿಸುವಷ್ಟರಲ್ಲಿ ಒಂದು ನಿಮಿಷ ನಲವತ್ತು ಸೆಕೆಂಡು. ನಮ್ಮ ಕೋಣೆಯಿಂದ ಮಗಳ ಕೋಣೆಗೆ ಹನ್ನೊಂದು ಸೆಕೆಂಡು.

"ಅಷ್ಟು ಹೊತ್ತು ಅವಳೊಬ್ಬಳೇ ಇರ್ತಾಳಲ್ರೀ" ಅಂದಳು ಹೆಂಡತಿ. "ಅಲ್ಲ, ಇರೋದು ಒಂದು ಜಾಕೆಟ್ಟು. ಮನೇಲಿ ನಾಲ್ಕು ಜನ. ನೀವು ಹಾಕ್ಕೊಂಡು ಕೆಳಗಿಳಿದು ಹೋಗ್ತೀರೋ, ಇಲ್ಲ ನಮ್ಮ ಜೊತೆ ಇರ್ತೀರೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವಾರ ಓದಿದ ಯಾವ ಸ್ಪೆಸಿಫಿಕೇಶನ್ನಿನಲ್ಲೂ ಈ ಪ್ರಶ್ನೆ ಬಂದಿರಲಿಲ್ಲ.

ಅಮ್ಮ ಗೋಡೆ ತಟ್ಟಿ ನೋಡಿದರು. "ಇಷ್ಟು ದುಡ್ಡು ಕೊಟ್ಟು ರಟ್ಟಿನ ಮನಿ ತಗೊಂಡೀಯಲ್ಲೋ" ಎಂಬುದು ಅವರ ಹಳೆಯ ದೂರು. ಈ ಸಲ ಅದು ತಮಾಷೆ ಎನಿಸಲಿಲ್ಲ. ಜಿಪ್ಸಮ್ ಹಲಗೆಯ ಒಳಗೋಡೆಗಳಲ್ಲಿ ಪಿಸ್ತೂಲಿನ ಗುಂಡು ಒಂದಲ್ಲ, ಹಲವು ಕೋಣೆ ದಾಟಬಲ್ಲದು. "ಅದನ್ನ ನೀ ಹಾಕ್ಕೊಳ್ಳಾದು ಬ್ಯಾಡ. ಕೂಸಿಗೆ ಹೊದಿಸು" ಅಂದರು.

ಈಗ ಜಾಕೆಟ್ಟು ನೇತಾಡುವುದು ಮಗಳ ಕೋಣೆಯ ಕ್ಲಾಸೆಟ್ಟಿನಲ್ಲಿ. ಸದ್ದಾದರೆ ಎಲ್ಲರೂ ಅಲ್ಲಿಗೆ. ಬಾಗಿಲು ಹಾಕಿ, ಹೊರಗೋಡೆಯ ಇಟ್ಟಿಗೆಯ ಮೂಲೆಯಲ್ಲಿ ನೆಲಕ್ಕೆ ಕೂತು, ಮಗುವಿನ ಮೇಲೆ ಜಾಕೆಟ್ಟು ಹೊದಿಸಿ, 911ಕ್ಕೆ ಫೋನು. ಕೆಳಗೆ ಇಳಿಯುವ ಮಾತೇ ಇಲ್ಲ. ಯಾವ ಪ್ರಯೋಗಾಲಯವೂ ಕವಚವನ್ನು ಹೀಗೆ ಹೊದಿಸಿ ಪರೀಕ್ಷಿಸುವುದಿಲ್ಲ ಎಂದು ನನಗೂ ಗೊತ್ತು. ಮಗಳ ಶಾಲೆ ಚೀಲಕ್ಕೆ ಫಲಕ ಹಾಕಿಸುವ ಯೋಚನೆಯನ್ನು ಮಾತ್ರ ಕೈಬಿಟ್ಟೆ. ಚೀಲಗಳಿಗೆ ಎನ್‌ಐಜೆ ಪ್ರಮಾಣಪತ್ರ ಕೊಡುವುದೇ ಇಲ್ಲ. 2022ರಲ್ಲಿ ಉವಾಲ್ಡಿ ಶಾಲೆಗೆ ನುಗ್ಗಿದವನ ಕೈಯಲ್ಲಿದ್ದದ್ದು ರೈಫಲ್, ಆ ಫಲಕಗಳು ಹೆಚ್ಚಾಗಿ ಪಿಸ್ತೂಲಿನ ದರ್ಜೆಯವು. ಅದಕ್ಕಿಂತ, ಕವಚ ಮುಚ್ಚದ ತೋಳು-ತೊಡೆಗಳ ರಕ್ತಸ್ರಾವ ನಿಲ್ಲಿಸುವುದು ಕಲಿಯೋಣ ಎಂದು ಗಂಡ-ಹೆಂಡತಿ ಇಬ್ಬರೂ "ಸ್ಟಾಪ್ ದ ಬ್ಲೀಡ್" ತರಗತಿಗೆ ಹೋಗಿಬಂದೆವು. ಒಂದು ಟೂರ್ನಿಕೆಟ್ ಪಟ್ಟಿ ಡಬ್ಬ ಸೇರಿದೆ. ಕಾರು ಅಪಘಾತಕ್ಕೂ ಅದು ಬೇಕಾದೀತು. ಚಿನ್ನ ಬ್ಯಾಂಕಿನ ಲಾಕರಿಗೆ ಹೋಯಿತು.

ಎಲ್ಲಕ್ಕಿಂತ ಕಡಿಮೆ ಖರ್ಚಿನ ಕೆಲಸ ಬಾಗಿಲಿನದು. ನಮ್ಮ ಮುಂಬಾಗಿಲ ಬೀಗದ ನಾಲಿಗೆ ಕೂರುವ ತಗಡನ್ನು ಮನೆ ಕಟ್ಟಿದವರು ಮುಕ್ಕಾಲು ಇಂಚಿನ ಸ್ಕ್ರೂಗಳಲ್ಲಿ ಕೂರಿಸಿದ್ದರು! ಬರೀ ಚೌಕಟ್ಟಿನ ತೆಳು ಮರಕ್ಕೆ ಕಚ್ಚಿದ್ದು, ಒಂದೇ ಒದೆಗೆ ಕಿತ್ತುಬರುವಂಥದ್ದು. ಅದನ್ನು ತೆಗೆದು ಗೋಡೆಯೊಳಗಿನ ಮರದ ಕಂಬಕ್ಕೇ ಹೊಕ್ಕುವಂತೆ ಮೂರು ಇಂಚಿನವನ್ನು ಹಾಕಿದೆ. ಕೀಲುಗಳಿಗೂ ಅವೇ, ಮಗಳ ಕೋಣೆಯ ಬಾಗಿಲಿಗೂ ಅವೇ. ಒಂದು ಬಾಗಿಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಸ್ಕ್ರೂಗಳು ಅರ್ಧ ಡಬ್ಬಿ ಉಳಿದಿವೆ. ಬೇಕಾದವರು ಹೇಳಿ ಕಳಿಸಿ, ಶನಿವಾರ ಬೆಳಿಗ್ಗೆ ಡ್ರಿಲ್ ಸಮೇತ ಬರುತ್ತೇನೆ. ಕಾಫಿ ನಿಮ್ಮದು.