ಕೂಸಿನ ಕೈಗೆ ಏನು ಕೊಡೋಣ?

ಪ್ರಶ್ನೆ: ಮಗಳಿಗೆ ಎಂಟು ತಿಂಗಳು. ರಾಗಿ ಮಣ್ಣಿ ತಿನ್ನಿಸಹೋದರೆ ಚಮಚವನ್ನೇ ಕಸಿದುಕೊಳ್ಳುತ್ತಾಳೆ. ತಾನೇ ಹಿಡಿದು ತಿನ್ನಲು ಏನು ಕೊಡಬಹುದು?
– ಓದುಗರು, ಹೊಸನಗರ

ಉತ್ತರ: ಚಮಚ ಕಸಿಯುತ್ತಾಳೆಂದರೆ ಹೊತ್ತು ಬಂತೆಂದೇ ಲೆಕ್ಕ. ಆಸರೆಯಿಲ್ಲದೆ ಕೂರುತ್ತಿದ್ದರೆ ಸಾಕು, ಹಲ್ಲಿಗಾಗಿ ಕಾಯಬೇಡಿ. ಮೆತ್ತಗಿನದನ್ನು ವಸಡೇ ನುರಿಯುತ್ತದೆ.

ಸಿಹಿಗೆಣಸು, ಸಿಹಿಗುಂಬಳವನ್ನು ಹಬೆಯಲ್ಲಿ ಬೇಯಿಸಿ ನಿಮ್ಮ ಬೆರಳುದ್ದಕ್ಕೆ ಹೆಚ್ಚಿ. ಈ ವಯಸ್ಸಿನ ಮಕ್ಕಳು ಹೆಚ್ಚಾಗಿ ಇಡೀ ಮುಷ್ಟಿಯಲ್ಲೇ ಹಿಡಿಯುವುದರಿಂದ ತುದಿ ಹೊರಗೆ ಕಾಣಬೇಕು. ಎರಡು ಬೆರಳ ನಡುವೆ ಒತ್ತಿದರೆ ನಜ್ಜಾಗಬೇಕು. ಉಪ್ಪು ಹಾಕದ ಕಡುಬನ್ನು ಉದ್ದಕ್ಕೆ ಸೀಳಿ ತುಪ್ಪ ಸವರಿ ಕೊಟ್ಟರೆ ಬಹಳ ಒಳ್ಳೆಯದು. ಅಂಗಡಿಯ ಬಿಸ್ಕತ್ತಿಗಿಂತ ನನ್ನ ಓಟು ಅದಕ್ಕೇ. ಚೆನ್ನಾಗಿ ಕಳಿತ ಬಾಳೆಹಣ್ಣೂ ಆದೀತು.

ಹಲಸಿನ ತೊಳೆ ಬೇಡ: ಜಾರುತ್ತದೆ, ನಾರೂ ಇದೆ. ಸಾಗರದ ಕಡೆಯ ತೊಡದೇವು ಎಷ್ಟೇ ತೆಳುವಾಗಿದ್ದರೂ ಬೆಲ್ಲದ್ದು, ಅಂಗುಳಿಗೆ ಅಂಟಿಕೊಳ್ಳುತ್ತದೆ. ಅಜ್ಜಿಯರು ಮುನಿಸಿಕೊಂಡರೂ ಸರಿ, ಜೇನುತುಪ್ಪವನ್ನು ವರ್ಷ ತುಂಬುವವರೆಗೆ ನಾಲಿಗೆಗೂ ಸವರಬಾರದು. ಅದರಲ್ಲಿ ಇರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳು ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು.

ನಿಜವಾದ ಭಯ ಬಟ್ಟಲಿನದಲ್ಲ, ನೆಲದ್ದು. ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಸುಲಿತದ ಕಾಲಕ್ಕೆ ಅಡಿಕೆ ಎಲ್ಲೆಂದರಲ್ಲಿ ಉರುಳಿರುತ್ತದೆ. ಅದೂ, ಇಡೀ ಶೇಂಗಾವೂ ಉಸಿರುನಾಳಕ್ಕೆ ಸಿಕ್ಕಿದರೆ ಅಪಾಯ. ತಿನ್ನುವಾಗ ಓಕರಿಸಿ ಕೆಮ್ಮಿದರೆ ಗಾಬರಿ ಬೇಡ, ಹೊರದಬ್ಬಲು ಕಲಿಯುತ್ತಿದ್ದಾಳೆ. ಸದ್ದೇ ಇಲ್ಲದೆ ಮುಖ ನೀಲಿಗಟ್ಟಿದರೆ ತಕ್ಷಣ ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಹೆಗಲುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಗುದ್ದಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.