ಬೆರಳಿನಿಂದ ಕಳಚದ ಉಂಗುರ

ಉಂಗುರವು ಬೆರಳಿನಲ್ಲಿ ಸಿಕ್ಕಿಕೊಂಡಿತೆಂದರೆ ನಾವು ಮೊದಲು ಮಾಡುವುದೇ ಅದನ್ನು ಬಲವಾಗಿ ಎಳೆಯುವುದು. ಇದರಿಂದ ಗೆಣ್ಣಿನ ಬಳಿ ಚರ್ಮವು ಮಡಿಕೆಗಟ್ಟಿ, ಬೆರಳು ಮತ್ತಷ್ಟು ಬಾತು, ಉಂಗುರವು ಇನ್ನೂ ಬಿಗಿಯುತ್ತದೆ. ಆದುದರಿಂದ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ ಕೆಲವು ನಿಮಿಷ ಹಿಡಿಯಬೇಕು. ತಣ್ಣೀರಿನಲ್ಲಿ ಅದ್ದಿದರೂ ಬಾವು ಇಳಿಯುವುದುಂಟು. ಬಳಿಕ ಸಾಬೂನನ್ನೋ ತೆಂಗಿನೆಣ್ಣೆಯನ್ನೋ ಸವರಿ, ಉಂಗುರವನ್ನು ತಿರುಗಿಸುತ್ತ ಮೆಲ್ಲನೆ ಹೊರತರಬೇಕು.

ಇದಕ್ಕೂ ಜಗ್ಗದಿದ್ದರೆ ನೂಲಿನ ಉಪಾಯವಿದೆ. ನಯವಾದ ದಾರದ ಒಂದು ತುದಿಯನ್ನು ಉಂಗುರದಡಿಯಿಂದ ಅಂಗೈಯ ಕಡೆಗೆ ತೂರಿಸಿ, ಉಳಿದುದನ್ನು ಉಂಗುರದ ಅಂಚಿನಿಂದ ತೊಡಗಿ ಗೆಣ್ಣು ದಾಟುವವರೆಗೆ ಸಂದಿಲ್ಲದೆ ಬಿಗಿಯಾಗಿ ಸುತ್ತಬೇಕು. ಅಂಗೈಯ ಕಡೆಯ ತುದಿಯನ್ನು ಹಿಡಿದು ಬೆರಳ ತುದಿಯತ್ತ ಬಿಚ್ಚುತ್ತ ಬಂದರೆ ಸುತ್ತುಸುತ್ತಿಗೂ ಉಂಗುರವು ಮುಂದೆ ಸರಿಯುವುದು. ತುಸು ನೋಯುತ್ತದೆ, ಸುತ್ತಿದ ದಾರವನ್ನು ಹೆಚ್ಚು ಹೊತ್ತು ಬಿಡಲಾಗದು. ಬೆರಳಿಗೆ ಗಾಯವಾಗಿದ್ದರೆ ಈ ಉಪಾಯವು ಸಲ್ಲದು.

ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ ಅಥವಾ ಜೋಮು ಹಿಡಿದರೆ ಮನೆಯ ಉಪಾಯಗಳನ್ನು ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಉಂಗುರವನ್ನು ಕತ್ತರಿಸುವ ಪುಟ್ಟ ಉಪಕರಣವೊಂದಿದೆ. ಅದರ ನಾಲಿಗೆಯು ಉಂಗುರದಡಿ ಸೇರಿ ಚರ್ಮವನ್ನು ಕಾಯುತ್ತದೆ. ಮಕ್ಕಳು ಆಟಕ್ಕೆಂದು ತೊಡುವ ಉಕ್ಕಿನ ನಟ್ಟುಗಳಾದರೋ ಚಿನ್ನದಷ್ಟು ಸುಲಭವಾಗಿ ತುಂಡಾಗವು. ಮದುವೆಯ ಉಂಗುರವೆಂದು ತಾಯಂದಿರು ಹಿಂಜರಿಯಬೇಕಾಗಿಲ್ಲ. ಅಕ್ಕಸಾಲಿಗನು ಅದನ್ನು ಮತ್ತೆ ಬೆಸೆದು, ಬೇಕಾದರೆ ಒಂದಿಷ್ಟು ಅಗಲಿಸಿಯೂ ಕೊಡುವನು.