ಜ್ವರ ಹುಟ್ಟುವುದೇ ತಲೆಯಲ್ಲಿ

ಮಗುವಿನ ಮೈ ಕಾದ ರಾತ್ರಿ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಜ್ವರ ತಲೆಗೇರಿಬಿಟ್ಟೀತು, ನೋಡ್ಕೊಳ್ಳಿ." ಆದರೆ ಜ್ವರ ಶುರುವಾಗುವುದೇ ತಲೆಯಿಂದ. ಮಿದುಳಿನ ತಳದಲ್ಲಿ ಬಾದಾಮಿಯಷ್ಟು ಗಾತ್ರದ ಹೈಪೊಥಲಾಮಸ್ ಇದೆ. ಹೊರಗೆ ಬಿಸಿಲಿರಲಿ ಚಳಿಯಿರಲಿ, ಮೈಯ ಶಾಖ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವಂತೆ ಕಾಯುವುದು ಅದರ ಕೆಲಸ. ಒಳಗಿನ ಹದ ಕೆಡದಂತೆ ದೇಹ ನೋಡಿಕೊಳ್ಳುವ ಈ ಏರ್ಪಾಟಿಗೆ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1926ರಲ್ಲಿ ಹೋಮಿಯೊಸ್ಟೇಸಿಸ್ ಎಂದು ಹೆಸರಿಟ್ಟರು.

ಸೋಂಕು ತಗುಲಿದಾಗ ರೋಗನಿರೋಧಕ ಕಣಗಳು ಕಳಿಸುವ ಸಂದೇಶದಿಂದ ಮಿದುಳಿನಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಆಗ ಹೈಪೊಥಲಾಮಸ್ ತನ್ನ ಗುರಿಯನ್ನೇ ಮೇಲಕ್ಕೇರಿಸುತ್ತದೆ, 39 ಎಂದಿಟ್ಟುಕೊಳ್ಳಿ. ಮೈ ಇನ್ನೂ 37ರಲ್ಲಿದೆ. ಮಿದುಳಿನ ಲೆಕ್ಕದಲ್ಲಿ ಅದು ತಣ್ಣಗಾದ ಮೈ. ಅದಕ್ಕೇ ಚಳಿ, ನಡುಕ. ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ, ಚರ್ಮದ ರಕ್ತನಾಳಗಳು ಕುಗ್ಗಿ ಅದನ್ನು ಒಳಗೇ ಹಿಡಿದಿಡುತ್ತವೆ. ಹಣೆ ಸುಡುತ್ತಿದ್ದರೂ ಪಾದ ತಣ್ಣಗಿರುವುದು ಇದರಿಂದಲೇ.

ಕಂಬಳಿ ಹೊದಿಸಿ ಬೆವರಿಸಿದರೆ ಜ್ವರ ಬಿಡುತ್ತದೆ ಎಂಬ ನಂಬಿಕೆ ಹಿಂದುಮುಂದಾಗಿದೆ. ಗುರಿ ಕೆಳಗಿಳಿದ ಮೇಲೆ ಹೆಚ್ಚಿನ ಶಾಖವನ್ನು ಹೊರಹಾಕಲು ಮೈ ಬೆವರುತ್ತದೆ. ಪ್ಯಾರಾಸಿಟಮಾಲ್ ಮಾಡುವುದೂ ಇಷ್ಟೇ, ಪ್ರೊಸ್ಟಗ್ಲಾಂಡಿನ್ ತಗ್ಗಿಸಿ ಗುರಿಯನ್ನು ಇಳಿಸುವುದು. ರೋಗ ಅದರಿಂದ ವಾಸಿಯಾಗುವುದಿಲ್ಲ. ತಣ್ಣೀರು ಸುರಿದರಂತೂ ನಡುಕ ಹೆಚ್ಚಿ ಮಗು ಇನ್ನಷ್ಟು ನರಳುತ್ತದೆ.

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಡಿಯುವ ಬಿಸಿಲಾಘಾತದ ಕತೆ ಬೇರೆ. ಅಲ್ಲಿ ಗುರಿ ಏರಿರುವುದಿಲ್ಲ, ತಣಿಸುವ ಏರ್ಪಾಟು ಸೋತಿರುತ್ತದೆ. ಮಾತ್ರೆ ಅಲ್ಲಿ ಉಪಯೋಗಕ್ಕೆ ಬಾರದು. ತಕ್ಷಣ ನೆರಳು, ಮೈಗೆ ನೀರು, ಗಾಳಿ, ಆಮೇಲೆ ಆಸ್ಪತ್ರೆ.

"ತಲೆಗೇರುವ" ಭಯದ ಬೇರು ಬಹುಶಃ ಫಿಟ್ಸ್‌ನಲ್ಲಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದ ಜೊತೆ ಹೀಗಾಗುತ್ತದೆ. ಕಣ್ಣು ಮೇಲಾಗಿ ಕೈಕಾಲು ಸೆಟೆದ ಮಗುವನ್ನು ಕಂಡ ತಾಯಿಯ ಎದೆ ಒಡೆದುಹೋಗುತ್ತದೆ, ಆ ಗಾಬರಿಯನ್ನು ಹಗುರವಾಗಿ ಕಾಣಲು ನನ್ನಿಂದಾಗದು. ಆದರೂ ಹೇಳಲೇಬೇಕು: ಇಂಥ ಸಾಧಾರಣ ಫಿಟ್ಸ್‌ನಿಂದ ಮಿದುಳಿಗೆ ಹಾನಿಯಾಗುವುದಿಲ್ಲ. ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಅಷ್ಟರಲ್ಲಿ ಯಾರೋ ಮಗುವಿನ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಿರುತ್ತಾರೆ, ಗುಣವಾದ ಹೆಸರು ಕಬ್ಬಿಣಕ್ಕೆ ಹೋಗುತ್ತದೆ. ಕೈಯಲ್ಲಿ ಹಿಡಿದ ಕಬ್ಬಿಣಕ್ಕೂ ಫಿಟ್ಸ್ ನಿಲ್ಲುವುದಕ್ಕೂ ಸಂಬಂಧವಿಲ್ಲ. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯಬಹುದು, ನೀರು ಹಾಕಿದರೆ ಶ್ವಾಸನಾಳಕ್ಕೆ ಇಳಿಯಬಹುದು. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ ಹೊರಡಿ; ಮೊದಲ ಸಲವಾದರೆ ನಿಂತ ಮೇಲೂ ವೈದ್ಯರಿಗೆ ತೋರಿಸಿ. ಮೂರು ತಿಂಗಳೊಳಗಿನ ಕೂಸಿಗಾದರೆ ಫಿಟ್ಸ್‌ಗೆ ಕಾಯುವಂತೆಯೇ ಇಲ್ಲ, ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಸಾಕು, ರಾತ್ರಿಯಾದರೂ ಎತ್ತಿಕೊಂಡು ಹೊರಡಬೇಕು.